ಗಂಗಾಳದ ಎಡಗಡೆ

ಸೊಸೆ ಮೂರು ದಿನ ತಡೆದುಕೊಂಡಳು. ನಾಲ್ಕನೆಯ ದಿನ ಕೇಳಿಯೇಬಿಟ್ಟಳು. "ಅತ್ತೀ, ನಾ ಮಾಡಿದ ಪಲ್ಯ ನಿಮಗ ಸೇರವಲ್ದೇನ್ರಿ? ದಿನಾ ಹಂಗ ಬಿಡತೀರಿ."

ಪಲ್ಯವೇ? ನನಗೆ ಸಿಟ್ಟು ಬಂತು. ಮೂರು ದಿನದಿಂದ ಬರೀ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಟ್ಟು ಊಟ ಮುಗಿಸುತ್ತಿದ್ದಾಳೆ, ಕೈಲಾಗದ ಮುದುಕಿಗೆ ಇಷ್ಟೇ ಸಾಕು ಅಂದುಕೊಂಡಿದ್ದಾಳೆ ಎಂದು ನಾನೇ ಒಳಗೊಳಗೆ ಕುದಿಯುತ್ತಿದ್ದೆ. ಮಾತಿಗೆ ಮಾತು ಬೆಳೆಯುವಷ್ಟರಲ್ಲಿ ಎರಡನೇ ಇಯತ್ತೆಯ ಮೊಮ್ಮಗಳು ಬಂದು ನನ್ನ ಮುಂದಿನ ಗಂಗಾಳವನ್ನು ಅರ್ಧ ಸುತ್ತು ತಿರುಗಿಸಿದಳು. ಹೀರೇಕಾಯಿ ಪಲ್ಯ ಕಾಣಿಸಿತು. ಪಕ್ಕದಲ್ಲಿ ಮುಟ್ಟದೆ ಬಿಟ್ಟ ಅರ್ಧ ರೊಟ್ಟಿ, ಹಸಿ ಉಳ್ಳಾಗಡ್ಡಿ, ಉಪ್ಪು.

"ಆಯೀ, ನೀ ಈ ಕಡೆದ್ದು ನೋಡೂದ ಇಲ್ಲ," ಅಂದಳು.

ದವಾಖಾನೆಯಲ್ಲಿ ಮೂರು ವಾರ ಡಾಕ್ಟರು ಹೇಳಿದ್ದು ನನ್ನ ತಲೆಗೆ ಹೋಗಿರಲಿಲ್ಲ. ಏಳು ವರ್ಷದ ಹುಡುಗಿ ಗಂಗಾಳ ತಿರುಗಿಸಿದಾಗ ಹೋಯಿತು.

ನಾನು ಸವದತ್ತಿ ತಾಲೂಕಿನ ಹೂಲಿಯವಳು. ನಮ್ಮೂರಿನ ಗುಡ್ಡದ ಮೇಲೆ ಹಳೆಯ ಕೋಟೆ, ಕೆಳಗೆ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ. ಗುಡಿ ನೋಡಲು ಅಲ್ಲೊಬ್ಬರು ಇಲ್ಲೊಬ್ಬರು ಬರುತ್ತಾರೆ; ಉಳಿದ ಜನವೆಲ್ಲ ಪಕ್ಕದ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಿಡುತ್ತದೆ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದೆ. ಊರಿಗೆಲ್ಲ ನಾನು ಈಗಲೂ 'ಅಕ್ಕೋರು'. ಮಾತು ಉಳಿದಿದೆ, ಬಲಗೈ ಉಳಿದಿದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲರಿಗೂ ಈ ಎರಡು ಉಳಿಯುವುದಿಲ್ಲ.

ಡಾಕ್ಟರು ಸ್ಟ್ರೋಕ್ ಅನ್ನುತ್ತಾರೆ, ಪತ್ರಿಕೆಯವರು ಪಾರ್ಶ್ವವಾಯು ಎಂದು ಬರೆಯುತ್ತಾರೆ, ನಮ್ಮ ಕಡೆ 'ಲಕ್ವಾ ಹೊಡೀತು' ಅನ್ನುತ್ತೇವೆ. ಹೊಡೀತು ಅನ್ನುವ ಮಾತು ಸರಿಯಾಗಿದೆ. ಇಂಗ್ಲಿಷಿನ ಸ್ಟ್ರೋಕ್‌ಗೂ ಹೊಡೆತವೆಂದೇ ಅರ್ಥ. ವಾಯು ಮಾತ್ರ ಇದರಲ್ಲಿ ಏನೂ ಇಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳ ಒಂದೋ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಕಟ್ಟಿಕೊಳ್ಳುವುದೇ ಹೆಚ್ಚು. ನನ್ನದೂ ಅದೇ.

2022ರ ಎಳ್ಳಮಾಸಿ. ಹೊಲಕ್ಕೆ ಚರಗ ಚೆಲ್ಲಲು ಹೋಗಬೇಕು, ಬೀಗರು ಬರುವವರಿದ್ದರು. ನಸುಕಿನ ಐದಕ್ಕೆ ಎದ್ದು ಒಲೆಯ ಮುಂದೆ ಸಜ್ಜೆ ರೊಟ್ಟಿಗೆ ಕೂತಿದ್ದೆ. ರೊಟ್ಟಿ ಬಡಿಯುವುದು ನೋಡುವವರಿಗೆ ಬಲಗೈ ಕೆಲಸ ಅನ್ನಿಸುತ್ತದೆ, ಸಪ್ಪಳವೆಲ್ಲ ಅದರದ್ದೇ. ಆದರೆ ಅಂಚು ಸೀಳದಂತೆ ಕಾಯುತ್ತ, ತಿರುಗಿಸುತ್ತ ಹೋಗುವುದು ಎಡಗೈ. ಎಂಟೋ ಒಂಬತ್ತೋ ರೊಟ್ಟಿ ಆಗಿರಬೇಕು, ರೊಟ್ಟಿ ತಿರುಗುವುದು ನಿಂತಿತು. ಬಡಿದಲ್ಲೇ ಬಡಿಯುತ್ತಿದ್ದೇನೆ, ಒಂದೇ ಕಡೆ ತೆಳ್ಳಗಾಗಿ ಹರಿಯುತ್ತಿದೆ. ಹಿಟ್ಟು ಸರಿಯಿಲ್ಲ, ಎಸರು ಸಾಲದು ಅಂದುಕೊಂಡೆ. ನೋವಿಲ್ಲ, ಏನಿಲ್ಲ. ಎದೆನೋವಾದರೆ ಮನುಷ್ಯ ಕೂಗುತ್ತಾನೆ. ಲಕ್ವಾ ಸದ್ದಿಲ್ಲದೆ ಬರುತ್ತದೆ. ಸೊಸೆ ಬಂದು ನೋಡಿದಾಗ ನನ್ನ ಬಾಯಿ ಒಂದು ಕಡೆ ಜೋಲಿತ್ತಂತೆ, ಎಡಗೈ ಹಂಚಿನ ಅಂಚಿಗೆ ತಾಗಿ ಸುಡುತ್ತಿತ್ತಂತೆ. ಸುಟ್ಟ ಕಲೆ ಇನ್ನೂ ಇದೆ. ಸುಟ್ಟದ್ದು ನನಗೆ ಗೊತ್ತಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಗಾಳಿ ಹೊಡೆದಿದೆ ಎಂದು ಒಬ್ಬರು ಎಣ್ಣೆ ತಿಕ್ಕಿದರು. ಪಾರಿವಾಳದ ರಕ್ತ ಹಚ್ಚಬೇಕು ಎಂದು ಇನ್ನೊಬ್ಬರು ಪಾರಿವಾಳ ಹುಡುಕಿಕೊಂಡು ಹೋದರು. ಒಂದು ದವಾಖಾನೆಯಲ್ಲಿ ಸಲಾಯಿನ್ ಹಚ್ಚಿ ಎರಡು ತಾಸು ಮಲಗಿಸಿದರು. ಅಲ್ಲಿ ಸ್ಕ್ಯಾನ್ ಮಾಡುವ ಯಂತ್ರವೇ ಇರಲಿಲ್ಲ. ಧಾರವಾಡದ ದೊಡ್ಡ ದವಾಖಾನೆ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ನಾಳದಲ್ಲಿ ಕಟ್ಟಿದ ರಕ್ತದ ಗೆಡ್ಡೆಯನ್ನು ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು, ಏಕೆಂದರೆ ನಾಳ ಒಡೆದು ಲಕ್ವಾ ಆಗಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯುತ್ತದೆ. ದೊಡ್ಡ ಊರುಗಳಲ್ಲಿ ತೊಡೆಸಂದಿಯಿಂದ ತಂತಿ ಹಾಯಿಸಿ ಗೆಡ್ಡೆಯನ್ನೇ ಎಳೆದು ತೆಗೆಯುತ್ತಾರೆ. ಆಯ್ದ ಕೆಲವರಿಗೆ 24 ತಾಸಿನವರೆಗೂ ಅದಕ್ಕೆ ಅವಕಾಶವಿದೆ. ನನಗೆ ಎರಡೂ ಸಿಗಲಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ಜೆಫ್ರಿ ಸೇವರ್ ಎಂಬ ವೈದ್ಯರು 2006ರಲ್ಲಿ ಲೆಕ್ಕ ಹಾಕಿದ್ದಾರೆ. ಲೆಕ್ಕ ಕಲಿಸಿದವಳು, ನಾನೂ ಗುಣಿಸಿ ನೋಡಿದೆ. ಏಳು ತಾಸಂದರೆ 420 ನಿಮಿಷ, ಹೆಚ್ಚುಕಡಿಮೆ 80 ಕೋಟಿ.

ಮರು ವರ್ಷ ಆಗಸ್ಟ್ ಕೊನೆಯಲ್ಲಿ ಎಚ್.ಡಿ. ಕುಮಾರಸ್ವಾಮಿಯವರಿಗೆ ಸ್ಟ್ರೋಕ್ ಆಯಿತು. ನಸುಕಿನಲ್ಲೇ ಬೆಂಗಳೂರಿನ ಆಸ್ಪತ್ರೆ ಸೇರಿದರು, ಕೆಲವೇ ದಿನಗಳಲ್ಲಿ ಹೊರಗೆ ಬಂದು ಸುದ್ದಿಗಾರರ ಮುಂದೆ ಸ್ಪಷ್ಟವಾಗಿ ಮಾತಾಡಿದರು. ನಾನು ಟೀವಿಯಲ್ಲಿ ಅವರ ಕೈಯನ್ನಷ್ಟೇ ನೋಡುತ್ತಿದ್ದೆ. ಕೈ ಎತ್ತಿ ಮಾತಾಡುತ್ತಿದ್ದಾರೆ, ಎತ್ತಿದ್ದೇ ತಮಗೆ ಗೊತ್ತಿಲ್ಲದವರ ಹಾಗೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇನೆ. ನನಗೆ ಬಿಪಿ ಇತ್ತು, ಎಂಟು ವರ್ಷ ಗುಳಿಗೆ ನುಂಗಿದ್ದೆ. ಆ ಶ್ರಾವಣದಲ್ಲಿ ಅಳತೆ ಮಾಡಿಸಿದಾಗ ನಾರ್ಮಲ್ ಬಂತು, ಬಿಟ್ಟುಬಿಟ್ಟೆ. ನಾರ್ಮಲ್ ಬಂದದ್ದು ಗುಳಿಗೆಯಿಂದ ಎಂಬ ಸಣ್ಣ ತರ್ಕ ಅಕ್ಕೋರಿಗೆ ಹೊಳೆಯಲಿಲ್ಲ.

ದವಾಖಾನೆಯ ಮೊದಲ ವಾರದ್ದೆಲ್ಲ ನನಗೆ ಉಳಿದವರು ಹೇಳಿ ಗೊತ್ತು. ಎಡಗೈ ಎತ್ತಿರಿ ಅಂದರೆ "ಎತ್ತೇನಲ್ಲ" ಅನ್ನುತ್ತಿದ್ದೆನಂತೆ. ಹಾಸಿಗೆಯ ಮೇಲೆ ಬಿದ್ದಿದ್ದ ನನ್ನ ಕೈಯನ್ನೇ ತೋರಿಸಿ, ಇದು ಯಾರದು ಎಂದು ಡಾಕ್ಟರು ಕೇಳಿದರೆ, "ನಮ್ಮ ಸೊಸಿದು, ಕೆಲಸಗಳ್ಳಿ, ಮಲಗಿಬಿಟ್ಟಾಳ" ಅಂದೆನಂತೆ. ಸೊಸೆ ಈಗಲೂ ಇದನ್ನು ಹೇಳಿ ನಗುತ್ತಾಳೆ. ಅವತ್ತು ನಗಲಿಲ್ಲ ಅವಳು. ನನಗೆ ಹುಚ್ಚು ಹಿಡಿದಿರಲಿಲ್ಲ. ಬಲಗಡೆಯ ಮೆದುಳಿಗೆ ಪೆಟ್ಟು ಬಿದ್ದು ಎಡಮೈ ಹೋದವರಲ್ಲಿ ಹೀಗಾಗುವುದುಂಟು. ಕೈ ಹೋದದ್ದನ್ನು ತಿಳಿಯುವ ಭಾಗವೂ ಕೈಯ ಜೊತೆಗೇ ಹೋಗಿರುತ್ತದೆ. 1914ರಲ್ಲೇ ಬಾಬಿನ್ಸ್ಕಿ ಎಂಬ ಫ್ರೆಂಚ್ ವೈದ್ಯ ಇದಕ್ಕೊಂದು ಹೆಸರು ಕೊಟ್ಟಿದ್ದಾನೆ. ಕೆಲ ದಿನಗಳಲ್ಲಿ ಇದು ತಾನಾಗಿ ಕಳೆಯಿತು. ಕಳೆದ ದಿನವೇ ನಾನು ಮೊದಲು ಅತ್ತದ್ದು.

ಆದರೆ ಗಂಗಾಳದ ಎಡಗಡೆ ಮರಳಲಿಲ್ಲ. ಇದನ್ನು ತಿಳಿಸುವುದೇ ಕಷ್ಟ. ನನ್ನ ಕಣ್ಣು ಚೆನ್ನಾಗಿವೆ, ಪರೀಕ್ಷೆಯೂ ಆಗಿದೆ. ಎಡಗಡೆ ಕತ್ತಲಾಗಿಲ್ಲ, ಮಬ್ಬಾಗಿಲ್ಲ. ನಿಮ್ಮ ಬೆನ್ನ ಹಿಂದೆ ಈಗ ಏನು ಕಾಣುತ್ತಿದೆ ಎಂದು ಕೇಳಿದರೆ ಏನು ಹೇಳುತ್ತೀರಿ? ಕಪ್ಪಗೆ ಕಾಣುತ್ತಿದೆ ಅನ್ನುವುದಿಲ್ಲ. ಅಲ್ಲಿ ಕಾಣುವ ಮಾತೇ ಇಲ್ಲ. ನನಗೆ ಎಡಗಡೆ ಹಾಗಾಗಿತ್ತು. ಡಾಕ್ಟರು ಹೇಳಿದ್ದು ಹೀಗೆ: ಮನೆಗೆ ಇಬ್ಬರು ಕಾವಲುಗಾರರಿದ್ದಾರೆ ಅನ್ನಿ. ಎಡಮೆದುಳಿನವನು ಬಲಗಡೆಯನ್ನಷ್ಟೇ ಕಾಯುತ್ತಾನೆ. ಬಲಮೆದುಳಿನವನು ಎರಡೂ ಕಡೆ ಕಣ್ಣಿಟ್ಟಿರುತ್ತಾನೆ. ಎಡದವನು ಬಿದ್ದರೆ ಬಲದವನು ಹೇಗೋ ಸಂಭಾಳಿಸುತ್ತಾನೆ. ಬಲದವನು ಬಿದ್ದರೆ ಎಡಗಡೆಗೆ ಯಾರೂ ಇಲ್ಲ.

ಗಡಿಯಾರ ಬರೆಯಿರಿ ಅಂದರು. ಎಷ್ಟು ಮಕ್ಕಳಿಗೆ ಗಡಿಯಾರ ಕಲಿಸಿಲ್ಲ ನಾನು! ದುಂಡಗೆ ಬರೆದು ಹನ್ನೆರಡೂ ಅಂಕಿಗಳನ್ನು ಬಲಗಡೆಯ ಅರ್ಧದಲ್ಲೇ ತುರುಕಿದೆ. ಪೇಪರ್ ಕೊಟ್ಟರು. ಪ್ರತಿ ಸಾಲನ್ನೂ ನಡುವಿನಿಂದ ಓದಿ, ಈ ಪೇಪರಿನವರಿಗೆ ಕನ್ನಡ ಬರುವುದಿಲ್ಲ ಎಂದು ತೀರ್ಪು ಕೊಟ್ಟೆನಂತೆ.

ಆಮೇಲೊಂದು ದಿನ ಕಣ್ಣು ಮುಚ್ಚಿಸಿ ಕೇಳಿದರು. "ಅಕ್ಕೋರ, ಬಸ್ ಸ್ಟ್ಯಾಂಡಿನ್ಯಾಗ ಇಳದೀರಿ ಅನ್ಕೋರಿ. ಮನೀತನಾ ಹೋಗೂದು, ದಾರ್ಯಾಗ ಏನೇನು ಬರತಾವ ಹೇಳ್ರಿ." ಚಾದಂಗಡಿ, ಗಿರಣಿ, ಬೇವಿನ ಗಿಡ, ಕಿರಾಣಿ ಅಂಗಡಿ ಎಂದು ಹೇಳಿದೆ. "ಈಗ ಮನಿಯಿಂದ ಬಸ್ ಸ್ಟ್ಯಾಂಡಿಗೆ ಹೊಳ್ಳಿ ಬರ್ರಿ." ಪೋಸ್ಟ್ ಆಫೀಸು, ನೀರಿನ ಟಾಕಿ, ಚಪ್ಪಲಿ ಹೊಲಿಯುವವರ ಅಂಗಡಿ ಎಂದೆ. ಯಜಮಾನರು ಪಕ್ಕದಲ್ಲಿ ಕೂತಿದ್ದವರು ಬೆರಗಾದರು. ಹೋಗುವಾಗ ಹೇಳಿದ್ದೆಲ್ಲ ಬಲಗಡೆಯವು. ಬರುವಾಗ ಹೇಳಿದ್ದೂ ಬಲಗಡೆಯವೇ. ಊರೆಲ್ಲ ನನ್ನ ತಲೆಯೊಳಗೆ ಪೂರ್ತಿಯಾಗಿತ್ತು, ಆದರೆ ಯಾವ ಕಡೆ ಮುಖ ಮಾಡಿ ನಿಂತರೂ ಅರ್ಧವೇ ಸಿಗುತ್ತಿತ್ತು. ಇಟಲಿಯ ಮಿಲಾನಿನಲ್ಲಿ ಬಿಸಿಯಾಕ್ ಮತ್ತು ಲುತ್ಸಾತ್ತಿ ಎಂಬಿಬ್ಬರು ತಜ್ಞರು ಇದೇ ಪ್ರಶ್ನೆಯನ್ನು ತಮ್ಮೂರಿನ ದೊಡ್ಡ ಚರ್ಚಿನ ಮುಂದಿನ ಚೌಕದ ಬಗ್ಗೆ ರೋಗಿಗಳಿಗೆ ಕೇಳಿ 1978ರಲ್ಲಿ ಪ್ರಕಟಿಸಿದ್ದರು. ಆ ರೋಗಿಗಳೂ ಹೀಗೆಯೇ ಒಂದು ತುದಿಯಿಂದ ಬಲಗಡೆಯ ಕಟ್ಟಡಗಳನ್ನು, ಇನ್ನೊಂದು ತುದಿಯಿಂದ ಅದರೆದುರಿನ ಬಲಗಡೆಯವನ್ನು ಹೇಳಿದ್ದರಂತೆ. ಮಿಲಾನಿನವರಿಗೂ ಹೂಲಿಯವರಿಗೂ ಮೆದುಳು ಒಂದೇ. ಅಷ್ಟರಮಟ್ಟಿಗೆ ಸಮಾಧಾನ.

ಇದಕ್ಕೆ ಔಷಧಿ ಇಲ್ಲ, ರೂಢಿ ಇದೆ. ಥೆರಪಿ ಕಲಿಸಿದ ಹುಡುಗಿ ನನ್ನ ನೋಟ್‌ಬುಕ್ಕಿನ ಎಡ ಅಂಚಿಗೆ ದಪ್ಪಗೆ ಕೆಂಪು ಗೆರೆ ಎಳೆದಳು. "ಈ ಗೆರಿ ಕಾಣೂತನಾ ತಲಿ ತಿರುಗಸ್ರಿ. ಗೆರಿ ಕಂಡ ಮ್ಯಾಲ ಓದಾಕ ಚಾಲೂ ಮಾಡ್ರಿ." ನನಗೆ ನಗು ಬಂತು. ಮೂವತ್ತು ವರ್ಷ ಮಕ್ಕಳಿಗೆ ಮಾರ್ಜಿನ್ ಗೆರೆ ಹೊಡೆಯಿರೋ ಎಂದು ಕೈಮೇಲೆ ಪಟ್ಟಿಯಿಂದ ಬಾರಿಸಿದವಳು ನಾನು. ಮನೆಯಲ್ಲೂ ಹಾಗೇ ಮಾಡಿದೆವು. ಬಾಗಿಲಿನ ಎಡಪಟ್ಟಿಗೆ ಕೆಂಪು ರಿಬ್ಬನ್, ಎಡ ಮಣಿಕಟ್ಟಿಗೆ ಕೆಂಪು ದಾರ. ನೋಡಿದವರು ಯಲ್ಲಮ್ಮನ ಹರಕೆ ಎಂದುಕೊಂಡರು, ನಾವೂ ತಿದ್ದಲಿಲ್ಲ. ಮನೆಯವರೆಲ್ಲ ನನ್ನ ಎಡಗಡೆಯಿಂದ ಬಂದು ಮಾತಾಡಿಸತೊಡಗಿದರು. ಮೂರು ತಿಂಗಳಲ್ಲಿ ಬಹಳ ಸುಧಾರಿಸಿತು. ಪೂರ್ತಿ ಅಲ್ಲ. ದಣಿದಾಗ ಈಗಲೂ ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತದೆ.

ಭುಜದ ಮಾತು ಬಂತು. ಲಕ್ವಾ ಆದವರನ್ನು ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬೇಡಿ, ಬಗಲಿಗೆ ಕೈಹಾಕಿ ಎತ್ತಬೇಡಿ. ಶಕ್ತಿ ಕಳೆದುಕೊಂಡ ತೋಳು ತನ್ನ ಭಾರಕ್ಕೇ ಕೀಲಿನಿಂದ ಜಾರಿರುತ್ತದೆ. ಪ್ರೀತಿಯಿಂದ ಎತ್ತಿದವರೇ ನನ್ನ ಭುಜ ಕೆಡಿಸಿದರು. ಕೈ ಸತ್ತಿದ್ದರೂ ನೋವು ಮಾತ್ರ ಜೀವಂತ. ಸೊಂಟ ಹಿಡಿದು ಎಬ್ಬಿಸುವುದನ್ನು ದವಾಖಾನೆಯಲ್ಲೇ ಹೇಳಿಸಿಕೊಂಡು ಬನ್ನಿ.

ನೀರು ಕುಡಿದರೆ ಕೆಮ್ಮು ಬರುತ್ತಿತ್ತು. ನುಂಗುವ ಸ್ನಾಯು ಸೋತಾಗ ತೆಳ್ಳನೆಯ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ಗಟ್ಟಿಯಾದದ್ದು ಸುಲಭ. ಜೋಳದ ಅಂಬಲಿ ನನ್ನನ್ನು ಉಳಿಸಿತು.

ಈಗ, ಹೆಣ್ಣುಮಕ್ಕಳು ಪತ್ರಿಕೆಯಲ್ಲಿ ಬರೆಯದ ಒಂದು ವಿಷಯ. ನಮ್ಮಲ್ಲಿ ಉಣ್ಣುವ ಕೈ ಬೇರೆ, ತೊಳೆಯುವ ಕೈ ಬೇರೆ. ನನ್ನ ತೊಳೆಯುವ ಕೈ ಹೋಯಿತು. ಅರವತ್ತೆರಡು ವರ್ಷ ಕಾಯ್ದುಕೊಂಡು ಬಂದ ಒಂದು ಅಚ್ಚುಕಟ್ಟು, ಒಂದು ಬೆಳಿಗ್ಗೆಗೆ ಮುರಿಯಿತು. ಮೊದಲ ಎರಡು ತಿಂಗಳು ಸೊಸೆ ತೊಳೆದಳು. ಆಕೆ ಮುಖ ಕಿವುಚಲಿಲ್ಲ, ನಾನೇ ಗೋಡೆಯ ಕಡೆ ಮುಖ ಮಾಡಿಕೊಂಡಿರುತ್ತಿದ್ದೆ. ಆಮೇಲೆ ಬಲಗೈಯಿಂದಲೇ ಮಾಡಿಕೊಳ್ಳತೊಡಗಿದೆ. ಅದೇ ಕೈಯಿಂದ ರೊಟ್ಟಿ ಮುರಿಯಲು ಮನಸ್ಸು ಒಪ್ಪದೆ ಹಲವು ದಿನ ಚಮಚೆ ಹಿಡಿದೆ. ಕೊನೆಗೆ ಮಗ ಹುಬ್ಬಳ್ಳಿಯಿಂದ ಬಂದು ಕಮೋಡ್ ಕುರ್ಚಿ, ಗೋಡೆಗೊಂದು ಹಿಡಿಕೆ, ಕೈಯಲ್ಲಿ ಹಿಡಿಯುವ ನೀರಿನ ಪಿಚಕಾರಿ ಹಾಕಿಸಿದ. ಯಾವ ಗುಳಿಗೆಯೂ ಕೊಡದ ಮರ್ಯಾದೆಯನ್ನು ಆ ಪಿಚಕಾರಿ ಕೊಟ್ಟಿತು.

ಸೀರೆಯದ್ದು ಇನ್ನೊಂದು ಕಥೆ. ಒಂದು ಕೈಯಲ್ಲಿ ನೆರಿಗೆ ಹಿಡಿಯಲು ಆಗುವುದಿಲ್ಲ. ರವಿಕೆಯ ಹುಕ್ಕು ಆಗುವುದಿಲ್ಲ. ಸೆರಗು ಹೊದೆಯುವುದು ಎಡಭುಜದ ಮೇಲೆ. ನನ್ನ ಎಡಭುಜ ಜೋತುಬಿದ್ದಿದೆ, ಸೆರಗು ಜಾರುತ್ತದೆ, ಜಾರಿದ್ದು ನನಗೆ ತಿಳಿಯುವುದಿಲ್ಲ. ಊರ ಮಕ್ಕಳಿಗೆ ಶಿಸ್ತು ಕಲಿಸಿದ ಅಕ್ಕೋರು ನೈಟಿ ಹಾಕಿಕೊಂಡು, ಮೇಲೊಂದು ಟಾವೆಲ್ ಹೊದ್ದು ಕಟ್ಟೆಯ ಮೇಲೆ ಕೂರಬೇಕಾಯಿತು. ಕೂರಲಿಲ್ಲ ನಾನು. ಆರು ತಿಂಗಳು ಬಹುಪಾಲು ಒಳಮನೆಯಲ್ಲೇ ಇದ್ದೆ. ಕೈಕಾಲಿನಿಂದ ಅಲ್ಲ, ಸೆರಗಿನಿಂದ.

ಈಗ ಪಾದಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು, ಕೋಲು ಹಿಡಿದು ನಡೆಯುತ್ತೇನೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಥೆರಪಿಗೆ ಹೋಗುವ ಖರ್ಚು ಉಳಿಯಿತು. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಮೊಣಕಾಲೆತ್ತರಕ್ಕಿದೆ. ಕಂಡಕ್ಟರ್ ಹುಡುಗರು ಒಳ್ಳೆಯವರು, "ಅಕ್ಕೋರ, ಸಾವಕಾಶ" ಅನ್ನುತ್ತಾರೆ. ಹಾಗೆನ್ನುತ್ತ ಎಡಗೈ ಹಿಡಿದು ಎಳೆಯುತ್ತಾರೆ.

ನಡೆಯುವುದನ್ನು ಕಂಡವರೆಲ್ಲ ಕೇಳುತ್ತಾರೆ, "ಆರಾಮ ಆತಲ್ರಿ?" ಈ ಮಾತಿಗೆ ಹೂಂ ಅನ್ನಬೇಕು, ಅಲ್ಲ ಅಂದರೆ ಕೃತಘ್ನಳಾಗುತ್ತೇನೆ. ನಮ್ಮ ಊರಿನ ಲೆಕ್ಕದಲ್ಲಿ ಲಕ್ವಾ ಎಂದರೆ ಕೈಕಾಲು. ಕಾಲು ನಡೆದರೆ ರೋಗ ಮುಗಿಯಿತು. ಉಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಥೇಟ್ ನನ್ನ ಗಂಗಾಳದ ಎಡಗಡೆಯ ಹಾಗೆ.

ದಣಿವನ್ನೇ ತೆಗೆದುಕೊಳ್ಳಿ. ಹೊಲದಲ್ಲಿ ದುಡಿದ ದಣಿವು ನಿದ್ದೆಗೆ ಹೋಗುತ್ತದೆ. ಇದು ಹೋಗುವುದಿಲ್ಲ. ತಲೆ ಬಾಚಿಕೊಂಡರೆ ಮಲಗಬೇಕು, ಇಬ್ಬರು ಒಟ್ಟಿಗೆ ಮಾತಾಡಿದರೆ ಮಲಗಬೇಕು. ಮೆದುಳಿಗೆ ಪ್ರತಿ ಸಣ್ಣ ಕೆಲಸವೂ ಹೊಸದಾಗಿ ಕಲಿಯುವ ಕೆಲಸವಾಗಿರುತ್ತದೆ. ಮನೆಗೆ ಬಂದವರು "ಉಂಡು ಮಲಗೂದು, ಚಲೋ ಆತು ಬಿಡ್ರಿ" ಅನ್ನುತ್ತಾರೆ.

ಅಳು-ನಗುವಿನದ್ದು ಇನ್ನೂ ವಿಚಿತ್ರ. ಧಾರಾವಾಹಿ ನೋಡಿದರೆ ಅಳು, ಕರು ಕೂಗಿದರೆ ಅಳು. ದುಃಖವಿರುವುದಿಲ್ಲ, ಕಣ್ಣೀರು ಇರುತ್ತದೆ. ಒಮ್ಮೆ ಪಕ್ಕದ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ಹೋಗಿ ಕೂತೆ. ಭಜನೆ ನಡೆದಿತ್ತು. ನನಗೆ ನಗು ಬಂತು. ಒಳಗೆ ಸಂಕಟವಿದೆ, ಮುಖ ನಗುತ್ತಿದೆ, ತಡೆಯಲು ಬ್ರೇಕೇ ಇಲ್ಲ. ನಿಜಕ್ಕೂ ಹಾಗೆಯೇ ಅಂತೆ, ಅಳು-ನಗುವನ್ನು ಹಿಡಿದಿಡುವ ಮೆದುಳಿನ ದಾರಿಗಳಿಗೆ ಪೆಟ್ಟಾದರೆ ಮುಖಕ್ಕೂ ಮನಸ್ಸಿಗೂ ನಂಟು ತಪ್ಪುತ್ತದೆ. ಸೊಸೆ ಬುದ್ಧಿವಂತೆ. ಥಟ್ಟನೆ ನನ್ನ ಸೆರಗನ್ನು ಮುಖಕ್ಕೆ ಎಳೆದಳು. ಮೈ ಕುಲುಕುವುದನ್ನು ನೋಡಿದವರು "ಅಕ್ಕೋರು ಭಾಳ ಹಚ್ಚಿಕೊಂಡಾರ" ಅಂದರು.

ಆಮೇಲೆ ಬಂದದ್ದು ನಿಜವಾದ ಕತ್ತಲೆ. ನಾಲ್ಕನೇ ತಿಂಗಳಿರಬೇಕು. ಅಳುವೂ ನಿಂತಿತು. ಥೆರಪಿ ಬೇಡ, ಊಟ ಬೇಡ, ಮೊಮ್ಮಗಳೂ ಬೇಡ. ಲಕ್ವಾ ಆದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಕೈಕಾಲು ಹೋದ ದುಃಖ ಒಂದು ಕಾರಣ. ಮೆದುಳಿಗೆ ಆದ ಗಾಯವೇ ಇನ್ನೊಂದು. ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂದಾಗ ಮನೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ನಮ್ಮ ಕಡೆ 'ಧಾರವಾಡಕ್ಕ ಕಳಸಬೇಕು' ಅಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಹಿಂದಿನವರು ಹುಚ್ಚಾಸ್ಪತ್ರೆ ಅನ್ನುತ್ತಿದ್ದದ್ದೇ ಇವತ್ತಿನ ಡಿಮ್ಹಾನ್ಸ್. ಯಜಮಾನರು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಧೋತರ ಬದಲಿಸಿ ಬಂದು "ನಡಿ, ಧಾರವಾಡಕ್ಕ ಹೋಗೂಣು. ಅಂದವರು ಅನ್ನಲಿ" ಅಂದರು. ಗುಳಿಗೆ ಹಿಡಿಯಲು ಕೆಲವು ವಾರ ಬೇಕಾಯಿತು. ಹಿಡಿದ ಮೇಲೆ ಥೆರಪಿಯೂ ಹಿಡಿಯಿತು. ಖಿನ್ನತೆ ಇದ್ದವರ ಕೈಕಾಲು ಸುಧಾರಿಸುವುದೂ ನಿಧಾನ. ಎರಡನ್ನೂ ಒಟ್ಟಿಗೆ ನೋಡಬೇಕು ಎಂದು ಯಾರಾದರೂ ಮೊದಲ ದಿನವೇ ಹೇಳಬೇಕಿತ್ತು. ಈಗ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್‌ಗಳನ್ನು ತೆರೆದಿದೆ. ಲಕ್ವಾ ಆದವರು ಅಲ್ಲಿಗೆ ಹೋಗಬಹುದು.

ಆ ಕತ್ತಲೆಯ ದಿನಗಳಲ್ಲಿ ಒಬ್ಬ ಕಾಕಾ ಮಾತಾಡಿಸಲು ಬರುತ್ತಿದ್ದರು. ಎಂಬತ್ತು ದಾಟಿದವರು, ರಾಜಕೀಯದ ಹುಚ್ಚು. ಪ್ರತಿ ಸಲ ಅದೇ ಕಥೆ: ವೀರೇಂದ್ರ ಪಾಟೀಲರದ್ದು. 1989ರಲ್ಲಿ 224ರಲ್ಲಿ 178 ಸೀಟು ಗೆದ್ದು ಮುಖ್ಯಮಂತ್ರಿಯಾದರು. ಮರು ವರ್ಷ ಲಕ್ವಾ ಹೊಡೆಯಿತು. ನೋಡಲು ಬಂದ ರಾಜೀವ್ ಗಾಂಧಿ, ಮರಳುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾಗುತ್ತಾರೆ ಎಂದು ಸಾರಿಬಿಟ್ಟರು. ಅಕ್ಟೋಬರಿನಲ್ಲಿ ಒಂದು ವಾರ ರಾಷ್ಟ್ರಪತಿ ಆಳ್ವಿಕೆ, 17ನೇ ತಾರೀಖು ಬಂಗಾರಪ್ಪ. ಪಾಟೀಲರು ಅದಾದ ಮೇಲೆ 1997ರವರೆಗೆ ಬದುಕಿದ್ದರು. ಉತ್ತರ ಕರ್ನಾಟಕದವರು ಆ ವಿಮಾನ ನಿಲ್ದಾಣವನ್ನು ಇನ್ನೂ ಮರೆತಿಲ್ಲ. ಕಾಕಾ ಅದನ್ನು ಪಕ್ಷದ ಕಥೆಯಾಗಿ, ಜಾತಿಯ ಕಥೆಯಾಗಿ ಹೇಳುತ್ತಿದ್ದರು. ನನಗೆ ಮಾತ್ರ ಅದು ಹಾಸಿಗೆಯ ಮೇಲೆ ಮಲಗಿದವನ ತಲೆಯ ಮೇಲೆಯೇ ನಡೆಯುವ ಮಾತಿನ ಕಥೆಯಾಗಿ ಕೇಳಿಸುತ್ತಿತ್ತು. ನನ್ನ ಮನೆಯಲ್ಲೂ ಹಾಗೇ ಆಗಿತ್ತು. ಕಿರಾಣಿ ಪಟ್ಟಿ ನನ್ನ ಕೇಳದೆ ಹೋಗುತ್ತಿತ್ತು. ಪಿಂಚಣಿಯ ಪಾಸ್‌ಬುಕ್ ಮಗನ ಹತ್ತಿರ ಹೋಗಿತ್ತು. ಡಾಕ್ಟರು ನನ್ನ ಮುಂದೆಯೇ ಯಜಮಾನರನ್ನು "ಇವರು ರಾತ್ರಿ ನಿದ್ದಿ ಮಾಡತಾರೇನ್ರಿ?" ಎಂದು ಕೇಳುತ್ತಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಕುರ್ಚಿ ಕೆಟ್ಟ ಮನಸ್ಸಿಲ್ಲದೆಯೂ ಹೋಗುತ್ತದೆ. ಪಾಸ್‌ಬುಕ್ ಮರಳಿ ಕೇಳಿದ ದಿನ ಮಗನಿಗೆ ಆಶ್ಚರ್ಯವಾಯಿತು, ಆಮೇಲೆ ನಾಚಿಕೆಯಾಯಿತು.

ಯಜಮಾನರೂ ಬಡವಾದರು. ಅರವತ್ತೆಂಟರಲ್ಲಿ ಚಾ ಮಾಡುವುದು ಕಲಿತರು, ಈಗಲೂ ಸಕ್ಕರೆ ಹೆಚ್ಚು. ರಾತ್ರಿ ನಾನು ಹೊರಳಿದರೆ ಏಳುತ್ತಾರೆ. ಅವರನ್ನು "ಆರಾಮ ಐದೀರೇನ್ರಿ" ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಪ್ರಮಾಣಪತ್ರದ ಕೆಲಸವೂ ಆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಲಕ್ವಾದಿಂದ ಕೈಕಾಲು ಹೋದವರು ಅದರಲ್ಲಿ ಬರುತ್ತಾರೆ, ಮಾತು ಹೋದವರೂ ಬರುತ್ತಾರೆ. ಬಹಳ ಜನಕ್ಕೆ ಎರಡನೆಯದು ಗೊತ್ತಿಲ್ಲ. ನೂರಕ್ಕೆ 40 ದಾಟಿದರೆ ಸೌಲಭ್ಯಗಳು. ನನ್ನ ಕೈ ಅಳೆದರು, ಕಾಲು ಅಳೆದರು, ಸಹಿ ಹಾಕಿದರು.

ನಾಲ್ಕನೇ ಇಯತ್ತೆಗೆ ಲೂಯಿ ಪಾಶ್ಚರ್‌ನ ಕಥೆ ಎಷ್ಟೋ ಸಲ ಹೇಳಿದ್ದೇನೆ. ಹುಚ್ಚುನಾಯಿ ಕಚ್ಚಿದ ಹುಡುಗನಿಗೆ 1885ರಲ್ಲಿ ಲಸಿಕೆ ಕೊಟ್ಟು ಉಳಿಸಿದ ಕಥೆ. ಅವನಿಗೆ 1868ರಲ್ಲೇ, ನಲವತ್ತೈದನೇ ವಯಸ್ಸಿನಲ್ಲಿ ಲಕ್ವಾ ಹೊಡೆದಿತ್ತು, ಅದೂ ನನ್ನ ಹಾಗೆ ಎಡಮೈಗೆ. ಇದು ನನಗೆ ಗೊತ್ತಾದದ್ದು ಥೆರಪಿಯ ಹುಡುಗಿಯಿಂದ. ಹದಿನೇಳು ವರ್ಷ ಸೋತ ಎಡಗೈ ಇಟ್ಟುಕೊಂಡೇ ಅವನು ಆ ಲಸಿಕೆಗೆ ಬಂದದ್ದು. ಇದನ್ನು ಕೇಳಿದವರು ಸ್ಫೂರ್ತಿ ಬಂತೇ ಅನ್ನುತ್ತಾರೆ. ನನಗೆ ಬಂದದ್ದು ಬೇರೆ ಯೋಚನೆ: ಅವನ ಅಂಗಿಯ ಗುಂಡಿ ಯಾರು ಹಾಕುತ್ತಿದ್ದರು? ಪಾಠದಲ್ಲಿ ಅದಿಲ್ಲ.

ಹೋದ ಶ್ರಾವಣದಲ್ಲಿ ಮೊಮ್ಮಗಳ ಜೊತೆ ಪಂಚಲಿಂಗೇಶ್ವರ ಗುಡಿಗೆ ಹೋದೆ. ಶಾಲೆಯ ಮಕ್ಕಳನ್ನು ಸಾಲು ಹಚ್ಚಿ ಕರೆದೊಯ್ದು ಗರ್ಭಗುಡಿ ಎಣಿಸಿಸುತ್ತಿದ್ದ ಜಾಗ. "ಆಯೀ, ಎಷ್ಟು ಅದಾವ ಎಣಸು," ಅಂದಳು. ಪರೀಕ್ಷೆ ತೆಗೆದುಕೊಳ್ಳುವುದರಲ್ಲಿ ನನ್ನನ್ನೇ ಹೋಲುತ್ತಾಳೆ. ಐದು ಎಂದು ಬಾಯಿಪಾಠವಿದೆ, ಹೇಳಿಬಿಡಬಹುದಿತ್ತು. ಕಂಡಷ್ಟೇ ಹೇಳಿದೆ: ಮೂರು. ಅವಳು ನನ್ನ ಎಡ ಮಣಿಕಟ್ಟಿನ ಕೆಂಪು ದಾರವನ್ನು ಜಗ್ಗಿದಳು. ದಾರ ಹುಡುಕುತ್ತ ಕತ್ತು ತಿರುಗಿತು, ನಾಲ್ಕು, ಇನ್ನೂ ತಿರುಗಿತು, ಐದು. ತಂಪು ಕಲ್ಲಿಗೆ ಒರಗಿ ಸ್ವಲ್ಪ ಹೊತ್ತು ಕೂತೆವು.

ಈ ಸಲದ ಎಳ್ಳಮಾಸಿಗೆ ಒಲೆಯ ಮುಂದೆ ಕುರ್ಚಿ ಹಾಕಿಸಿಕೊಂಡೆ. ಸೊಸೆ ಹಿಟ್ಟು ನಾದಿದಳು. ನಾನು ಬಲಗೈಯಿಂದ ಬಡಿಯುವುದು, ಅವಳು ಅಂಚು ಹಿಡಿದು ತಿರುಗಿಸುವುದು. ಮೊದಲೆರಡು ಹರಿದವು, ನನ್ನ ತಾಳ ಬೇರೆ, ಅವಳದು ಬೇರೆ. ಮೂರನೆಯದು ಹಂಚಿಗೆ ಬಿತ್ತು, ಉಬ್ಬಿತು. ಅವಳು ತೆಗೆದು ನೋಡಿ, "ಎಡಗಡೆ ದಪ್ಪ ಆತ್ರಿ ಅತ್ತೀ," ಅಂದಳು.

"ನನಗೇನೂ ಕಾಣವಲ್ದು," ಅಂದೆ. ಇಬ್ಬರೂ ನಕ್ಕೆವು. ಈ ಸಲ ನಾನು ನಕ್ಕದ್ದು ನಗು ಬಂದೇ.